ಕತ್ತರಿಸಿದ ಚರ್ಮ ಕುಗ್ಗುವುದೇಕೆ?



ಮನೆಯ ಹಿರಿಯರೊಬ್ಬರ ಕೆನ್ನೆಯ ಮೇಲಿನ ಹುಣ್ಣು ಬಹುಕಾಲ ಮಾಯದಿರಲು, ಪರೀಕ್ಷೆಯಿಂದ ಅದು ‘ಬೇಸಲ್ ಕೋಶ’ದ ಚರ್ಮ ಕ್ಯಾನ್ಸರ್ ಎಂದು ತಿಳಿಯಿತೆಂದು ಭಾವಿಸೋಣ. ಶಸ್ತ್ರವೈದ್ಯರು ಸುತ್ತಲೂ 4 ಮಿ.ಮೀ. ಆರೋಗ್ಯವಂತ ಚರ್ಮವನ್ನು ಸೇರಿಸಿ ಅದನ್ನು ತೆಗೆದರು. ಪ್ರಯೋಗಾಲಯದ ವರದಿಯಲ್ಲಿ ಮಾತ್ರ ಅಂಚಿನ ಅಳತೆ ಸುಮಾರು 3 ಮಿ.ಮೀ. ಎಂದಿದೆ. “ಹೇಳಿದ್ದೊಂದು, ಮಾಡಿದ್ದೊಂದು” ಎಂಬ ಸಂಶಯ ಮನೆಮಂದಿಯ ನೆಮ್ಮದಿಯನ್ನು ಕೆಡಿಸುತ್ತದೆ.

ಇಲ್ಲಿ ಯಾರ ತಪ್ಪೂ ಇರಬೇಕೆಂದಿಲ್ಲ. ನಮ್ಮ ಚರ್ಮವು ಸದಾ ಬಿಗಿದುಕೊಂಡಿರುವ ಹೊದಿಕೆ. ಅದರೊಳಗಿನ ಸ್ಥಿತಿಸ್ಥಾಪಕ ತಂತುಗಳು ಕತ್ತರಿಸಿದೊಡನೆ ಬಿಗಿತ ಕಳೆದುಕೊಂಡು ಒಳಕ್ಕೆ ಸರಿಯುತ್ತವೆ. ಲಟ್ಟಿಸಿದ ಕಣಕವು ಕೈಬಿಟ್ಟೊಡನೆ ಹಿಂದಕ್ಕೆ ಸರಿಯುವುದನ್ನು ಗೃಹಿಣಿಯರು ಕಂಡೇ ಇರುತ್ತಾರೆ. ಹೀಗೆ ತುಂಡು ಕಿರಿದಾದರೆ, ದೇಹದ ಮೇಲಿನ ಗಾಯವು ಅಗಲವಾಗುತ್ತದೆ.

ಈ ಕುಗ್ಗುವಿಕೆ ಸಾಮಾನ್ಯವಾಗಿ ಶೇಕಡಾ 10ರಿಂದ 25ರವರೆಗೆ ಇರುತ್ತದೆ. ಶೇಕಡಾ 20ರಷ್ಟು ಕುಗ್ಗಿದರೆ 4 ಮಿ.ಮೀ. ಅಂಚು 3.2 ಮಿ.ಮೀ. ಆಗುವುದು. ತುಂಡನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣವೇ ಇದಕ್ಕೆ ಕಾರಣವೆಂದು ಹಿಂದೆ ಎಣಿಸುತ್ತಿದ್ದರು. ಆದರೆ ಹೆಚ್ಚಿನ ಪಾಲು ಕುಗ್ಗುವಿಕೆಯು ದ್ರಾವಣಕ್ಕೆ ಹಾಕುವ ಮೊದಲೇ ನಡೆದುಹೋಗಿರುತ್ತದೆ. ತರುಣರ ಚರ್ಮ ಹೆಚ್ಚು ಕುಗ್ಗುತ್ತದೆ. ವೃದ್ಧರದು ಬಿಸಿಲಿಗೂ ವಯಸ್ಸಿಗೂ ಬಿಗಿತ ಕಳೆದುಕೊಂಡಿರುವುದರಿಂದ ಕಡಿಮೆ ಕುಗ್ಗುತ್ತದೆ.

ವೈದ್ಯಶಾಸ್ತ್ರವು ವಿಧಿಸಿರುವ ಅಂಚು ಶಸ್ತ್ರಕ್ರಿಯೆಗೆ ಮುನ್ನ ದೇಹದ ಮೇಲೆಯೇ ಗುರುತಿಸುವ ಅಳತೆ. ಸೂಕ್ಷ್ಮದರ್ಶಕದ ಅಡಿಯ ಅಳತೆಯಲ್ಲ. ಸ್ಪಷ್ಟ ಎಲ್ಲೆಯುಳ್ಳ ಸಣ್ಣ ಬೇಸಲ್ ಕೋಶ ಗೆಡ್ಡೆಗೆ 4 ಮಿ.ಮೀ. ಅಂಚು ಬಹುಪಾಲು ಸಾಕೆಂದು 1987ರ ಅಧ್ಯಯನವೊಂದು ತೋರಿಸಿತು. ಹೆಚ್ಚು ಉಗ್ರವಾದ ಮೆಲನೋಮಕ್ಕೆ ಒಂದು ಕಾಲದಲ್ಲಿ 5 ಸೆಂ.ಮೀ. ಅಂಚು ತೆಗೆಯುತ್ತಿದ್ದರು. ಗೆಡ್ಡೆಯ ದಪ್ಪಕ್ಕೆ ಮಹತ್ವವಿದೆಯೆಂದು 1970ರಲ್ಲಿ ಬ್ರೆಸ್ಲೋ ತೋರಿಸಿದ ಮೇಲೆ, ಆ ದಪ್ಪವನ್ನು ಅನುಸರಿಸಿ ಸಾಮಾನ್ಯವಾಗಿ 1ರಿಂದ 2 ಸೆಂ.ಮೀ. ಅಂಚು ತೆಗೆಯುವುದು ರೂಢಿಗೆ ಬಂದಿದೆ.

ಹಾಗೆಂದು ವರದಿಯನ್ನು ಕಡೆಗಣಿಸಲಾಗದು. ಅಳತೆ ಕುಗ್ಗುವುದು ಬೇರೆ, ಅಂಚಿನಲ್ಲಿ ರೋಗದ ಕೋಶಗಳು ಉಳಿಯುವುದು ಬೇರೆ. ಆದಕಾರಣ ವೈದ್ಯರನ್ನು ಮೂರು ಮಾತು ಕೇಳಿರಿ: ಪಕ್ಕದ ಅಂಚುಗಳು ರೋಗಮುಕ್ತವೇ? ತಳಭಾಗವೂ ಮುಕ್ತವೇ? ಮುಂದಿನ ತಪಾಸಣೆ ಎಂದು? ಅಂಚಿನಲ್ಲಿ ರೋಗವಿದೆಯೆಂದು ವರದಿ ಹೇಳಿದರೆ ಮತ್ತೊಮ್ಮೆ ಶಸ್ತ್ರಕ್ರಿಯೆ ಬೇಕಾದೀತು. ಗೆಡ್ಡೆಯ ಬೇರು ಕಣ್ಣಿಗೆ ಕಾಣದಂತೆ ಹಬ್ಬಿರಬಹುದಾದ್ದರಿಂದ, ಅದನ್ನು ವೈದ್ಯರ ಅಲಕ್ಷ್ಯವೆಂದು ಒಮ್ಮೆಗೇ ತೀರ್ಮಾನಿಸಬಾರದು. ಮುನಿಸಿಕೊಂಡು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ನಷ್ಟ ರೋಗಿಗೇ.

ತಿಂಗಳಾದರೂ ಮಾಯದ ಹುಣ್ಣು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಎದ್ದ ವ್ರಣ, ಅಂಗಾಲಿನಲ್ಲಿ ಬೆಳೆಯುತ್ತಿರುವ ಕಪ್ಪು ಮಚ್ಚೆ ಕಂಡರೆ ಮುಲಾಮು ಹಚ್ಚುತ್ತ ಕಾಲ ಕಳೆಯದೆ ವೈದ್ಯರಿಗೆ ತೋರಿಸಿರಿ. ಗೆಡ್ಡೆ ಚಿಕ್ಕದಿದ್ದಾಗ ತೆಗೆಯಬೇಕಾದ ಚರ್ಮವೂ ಸ್ವಲ್ಪವೇ.