ಮುಂದಿನ ರವಿವಾರ ಬರುತ್ತೀರಾ?

ಬಡ ಓಣಿಗಳಲ್ಲಿ ಕ್ರೈಸ್ತರು ಮಕ್ಕಳಿಗಾಗಿ ನಡೆಯಿಸುವ ರವಿವಾರದ ಶಾಲೆಯ ವಿಷಯದಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದ ಸುಶಿಕ್ಷಿತರಿಗೆ ಎರಡು ಸಿದ್ಧ ಅಭಿಪ್ರಾಯಗಳಿವೆ. ಅದು ಮತಾಂತರದ ಗಾಳಕ್ಕೆ ಸಿಕ್ಕಿಸಿದ ಎರೆ ಎಂಬುದು ಒಂದು. ಕಣ್ಣಲ್ಲಿ ನೀರು ತರಿಸುವ ಪುಣ್ಯಕಾರ್ಯ ಎಂಬುದು ಇನ್ನೊಂದು. ಮೊದಲನೆಯದನ್ನು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ, ಎರಡನೆಯದನ್ನು ನಮ್ಮ ದೇವಾಲಯದ ಬೆಂಚಿನ ಮೇಲೆ ಕೂತವರು. ಎರಡು ಪಕ್ಷದವರೂ ಆ ಓಣಿಗೆ ಕಾಲಿಟ್ಟದ್ದು ಅಪರೂಪ. ಅದಕ್ಕೇ ಇರಬೇಕು, ಇಬ್ಬರ ಮಾತಿನಲ್ಲಿಯೂ ಅಷ್ಟೊಂದು ನಿಶ್ಚಯ.

ನಾನು ಕ್ರೈಸ್ತ; ಧಾರವಾಡದವನು. ಎಂಟು ವರ್ಷಗಳಿಂದ ರವಿವಾರದ ಆರಾಧನೆ ಮುಗಿಸಿ, ಊಟ ಮಾಡಿ, ಚಿಗರಿಯೋ ಮತ್ತಾವುದೋ ಬಸ್ಸು ಹಿಡಿದು ಹುಬ್ಬಳ್ಳಿಯ ಒಂದು ಓಣಿಗೆ ಹೋಗುತ್ತೇನೆ. ಓಣಿಯ ಹೆಸರು ಬೇಡ. ಹೇಳಿದೊಡನೆ ನಿಮ್ಮಲ್ಲಿ ಕೆಲವರು ಜೇಬು ಮುಟ್ಟಿ ನೋಡಿಕೊಂಡೀರಿ. ತೆರೆದ ಗಟಾರದ ಪಕ್ಕದಲ್ಲಿ ಒಂದು ತಗಡಿನ ಮಾಡು, ಅದರ ಕೆಳಗೆ ಇಪ್ಪತ್ತು ಮೂವತ್ತು ಮಕ್ಕಳು. ಒಂದು ಹಾಡು, ಒಂದು ಕಥೆ, ಆಮೇಲೆ ಒಂದು ತಾಸು ಕಾಗುಣಿತ ಮತ್ತು ಮಗ್ಗಿ. ಐದನೆಯ ಇಯತ್ತೆಯ ಹುಡುಗನಿಗೆ ಒತ್ತಕ್ಷರ ಓದಲು ಬಾರದು. ಆದರೆ ಪೊಲೀಸರ ಜೀಪಿನ ಸಪ್ಪಳವನ್ನು ಎರಡು ತಿರುವುಗಳ ಆಚೆಯಿಂದಲೇ ಗುರುತಿಸುತ್ತಾನೆ. ಜೀಪು ಬಂದಿತೆಂದರೆ ಪಾಠ ನಿಂತಿತು. ಯಾರ ಅಪ್ಪನನ್ನು ಒಯ್ಯಲು ಬಂದಿದ್ದಾರೆಂದು ನೋಡಲು ಎಲ್ಲರೂ ಓಡುತ್ತಾರೆ.

ಮೊದಮೊದಲು ನಾನೂ ಚೀಲದ ತುಂಬ ಬಿಸ್ಕೀಟು ಒಯ್ಯುತ್ತಿದ್ದೆ. ಒಂದು ದಿನ ತಾಯಿಯೊಬ್ಬಳು ದಾರಿಯಲ್ಲಿ ತಡೆದು ನಿಲ್ಲಿಸಿದಳು.

"ಏನ್ರಿ ಸರ್ರ, ನಮ್ಮ ಹುಡುಗನ್ನ ಕಿರಸ್ತಾನ ಮಾಡ್ತೀರೇನ್ರಿ?"

ನಾನು ಉತ್ತರ ಹುಡುಕುತ್ತಿರುವಾಗಲೇ ಅವಳು ಮುಂದುವರಿಸಿದಳು: "ಅದನ್ನ ನಾವು ನೋಡ್ಕೋತೀವಿ ಬಿಡ್ರಿ. ಮುಂದಿನ ಐತವಾರ ಬರ್ತೀರೋ ಇಲ್ಲೋ, ಅದನ್ನ ಹೇಳ್ರಿ. ಹಿಂದ ಬಂದವರು ಎರಡ ವಾರ ಬಂದು, ಫೋಟೋ ಹೊಡಕೊಂಡು ಹೋದರು. ಹುಡುಗ ಒಂದ ತಿಂಗಳ ದಾರಿ ನೋಡಿದ."

ಆ ತಾಯಿಯ ಪ್ರಶ್ನೆಯನ್ನೇ ನಾನು ಇಂದು ಎರಡೂ ಪಕ್ಷದವರ ಮುಂದೆ ಇಡುತ್ತಿದ್ದೇನೆ. ಮೊದಲು ನಮ್ಮವರ ಸರದಿ.

ನಮ್ಮ ಸಭೆಗಳಲ್ಲಿ ಯಾರಾದರೂ ಮತಾಂತರದ ಮಾತೆತ್ತಿದರೆ ನಾವು ತಕ್ಷಣ ಕಿಟ್ಟೆಲರ ನಿಘಂಟನ್ನು ಎತ್ತಿ ಹಿಡಿಯುತ್ತೇವೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು, ಶಾಲೆ ತೆರೆದರು, 1894ರಲ್ಲಿ ಆ ಮಹಾನಿಘಂಟು ಹೊರಬಂದಿತು. ಎಲ್ಲವೂ ನಿಜ, ಎಲ್ಲವೂ ಸ್ಮರಣೀಯ. ಆದರೆ ಕಿಟ್ಟೆಲರು ತೀರಿಕೊಂಡದ್ದು 1903ರಲ್ಲಿ. ಅವರು ಗಳಿಸಿಟ್ಟ ಗಂಟಿನ ಬಡ್ಡಿಯ ಮೇಲೆ ನಾವು ಇನ್ನೆಷ್ಟು ದಿನ ಉಣ್ಣೋಣ? ಅವರು ಶಬ್ದ ಶಬ್ದವನ್ನೂ ಜನರ ನಡುವೆ ಕೂತು ಕೇಳಿ ಕಲಿತವರು. ನಾವೋ ಓಣಿಗೆ ಡಿಸೆಂಬರ್ ತಿಂಗಳಲ್ಲಿ ಒಮ್ಮೆ ಹೋಗಿ, ಟೊಪ್ಪಿಗೆ ಹಂಚಿ, ಕಂಠಪಾಠದ ವಾಕ್ಯ ಒಪ್ಪಿಸಿದವನಿಗೆ ಪೆನ್ಸಿಲ್ ಡಬ್ಬಿ ಕೊಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದು, ಅದನ್ನು ದಾನಿಗಳಿಗೆ ಕಳಿಸಿ ಬಿಡುತ್ತೇವೆ. ನಮ್ಮ ಮಕ್ಕಳ ಹರಕು ಅಂಗಿಯ ಚಿತ್ರವನ್ನು ಪರರು ಹೀಗೆ ಊರೂರಿಗೆ ಕಳಿಸಿದರೆ ನಾವು ಸಹಿಸಿಕೊಂಡೇವೆ?

ಓಣಿಯ ಜನ ನಮ್ಮನ್ನು ಸಂಶಯದಿಂದ ನೋಡುತ್ತಾರೆಂದು ನಮ್ಮವರು ನೊಂದುಕೊಳ್ಳುತ್ತಾರೆ. ಆ ಸಂಶಯಕ್ಕೂ ಒಂದು ಚರಿತ್ರೆಯಿದೆ. 1871ರಲ್ಲಿ ಬ್ರಿಟಿಶ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. ಹುಟ್ಟಿದ ಕುಲವೇ ಅಪರಾಧವಾಯಿತು. 1911ರಲ್ಲಿ ಅದನ್ನು ದೇಶಕ್ಕೆಲ್ಲ ಹಬ್ಬಿಸಿದರು. ಮುಂಬೈ ಪ್ರಾಂತದಲ್ಲಿ ಎದ್ದ ಸೆಟ್ಲಮೆಂಟುಗಳಲ್ಲಿ ನಮ್ಮ ಹುಬ್ಬಳ್ಳಿಯದೂ ಒಂದು. ಕರೆದಾಗ ಹಾಜರಿ ಹೇಳಬೇಕು; ಅಪ್ಪಣೆಯಿಲ್ಲದೆ ಹೊರಗೆ ಹೋಗುವಂತಿಲ್ಲ. ಮಕ್ಕಳನ್ನು ತಂದೆತಾಯಿಗಳಿಂದ ಬೇರೆ ಮಾಡಿ ಶಾಲೆಗಳಲ್ಲಿ ಇಡುವ ಅಧಿಕಾರವನ್ನೂ ಆ ಕಾಯ್ದೆ ಸರಕಾರಕ್ಕೆ ಕೊಟ್ಟಿತ್ತು. ದೇಶದ ಹಲವೆಡೆ ಇಂಥ ಸೆಟ್ಲಮೆಂಟುಗಳ ಆಡಳಿತವನ್ನು ಸಾಲ್ವೇಶನ್ ಆರ್ಮಿಯಂಥ ಕ್ರೈಸ್ತ ಸಂಸ್ಥೆಗಳಿಗೇ ವಹಿಸಲಾಗಿತ್ತು. ಒಂದು ಕೈಯಲ್ಲಿ ಹಾಜರಿ ಪುಸ್ತಕ, ಇನ್ನೊಂದು ಕೈಯಲ್ಲಿ ಬೈಬಲ್ ಹಿಡಿದವನು ಪ್ರೀತಿಯ ದೇವರ ಸುದ್ದಿ ಹೇಳಿದರೆ ಕೇಳುವವನು ಯಾವ ಕೈಯನ್ನು ನೋಡಿಯಾನು? 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಹುಬ್ಬಳ್ಳಿಯ ಜನರ ಬಾಯಲ್ಲಿ ಸೆಟ್ಲಮೆಂಟ್ ಎಂಬ ಹೆಸರು ಮಾತ್ರ ಇಂದಿಗೂ ಉಳಿದಿದೆ; ಹೆಸರಿನೊಡನೆ ನೆನಪೂ ಉಳಿದಿದೆ.

ರವಿವಾರದ ಶಾಲೆಯ ಮೂಲವನ್ನಾದರೂ ನಾವು ನೆನೆಯಬೇಕಾಗಿತ್ತು. ರಾಬರ್ಟ್ ರೇಕ್ಸ್ ಎಂಬ ಪತ್ರಿಕೋದ್ಯಮಿ 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ಅದಕ್ಕೆ ಕೈಹಾಕಿದಾಗ, ಎದುರಿಗಿದ್ದವರು ವಾರವೆಲ್ಲ ಕಾರ್ಖಾನೆಗಳಲ್ಲಿ ದುಡಿದು ರವಿವಾರ ಬೀದಿಯಲ್ಲಿ ಅಲೆಯುವ ಮಕ್ಕಳು. ಅವರಿಗೆ ಮೊದಲು ಬೇಕಾದದ್ದು ಓದು. ಅದನ್ನೇ ಆತ ಕೊಟ್ಟ. ಧರ್ಮಬೋಧೆಯೂ ಇತ್ತು, ಆದರೆ ಅಕ್ಷರವನ್ನು ಬಿಟ್ಟು ಇರಲಿಲ್ಲ. ನಮ್ಮ ಶಾಲೆಗಳಲ್ಲಿ ಹಾಡು ಉಳಿಯಿತು, ಬಹುಮಾನ ಉಳಿಯಿತು, ಅಕ್ಷರ ಎಲ್ಲಿಯೋ ಜಾರಿಹೋಯಿತು.

ಆದ್ದರಿಂದ ನಮ್ಮ ತರುಣರಿಗೆ ನಾನು ಹೇಳುವುದಿಷ್ಟು. ತಂದೆತಾಯಿಗಳನ್ನು ಕೇಳದೆ ಒಂದು ಮಗುವನ್ನೂ ಚಾಪೆಯ ಮೇಲೆ ಕೂಡಿಸಬೇಡಿರಿ. ನಾವು ಯಾರು, ಯಾವ ಕಥೆ ಹೇಳುತ್ತೇವೆ ಎಂಬುದನ್ನು ಮುಚ್ಚಬೇಡಿರಿ. ನಮ್ಮ ಸಂವಿಧಾನದ 28ನೆಯ ವಿಧಿ ಸರಕಾರದ ಮಾನ್ಯತೆಯೋ ನೆರವೋ ಪಡೆದ ಶಾಲೆಗಳಿಗೆ ಈ ನಿಯಮವನ್ನು ಹಾಕಿದೆ: ಪಾಲಕರ ಒಪ್ಪಿಗೆಯಿಲ್ಲದೆ ಚಿಕ್ಕ ಮಕ್ಕಳಿಗೆ ಅಲ್ಲಿ ಧರ್ಮಬೋಧೆ ಕಡ್ಡಾಯವಿಲ್ಲ. ನಮ್ಮ ತಗಡಿನ ಮಾಡಿಗೆ ಆ ವಿಧಿ ತಗಲದಿರಬಹುದು. ಅದರ ನ್ಯಾಯ ತಗಲುತ್ತದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದವನಿಗೂ ಮುಚ್ಚದವನಿಗೂ ಒಂದೇ ಪಾಟಿ, ಒಂದೇ ಬಳಪ. ಚಿತ್ರ ತೆಗೆಯುವುದು ಬೇಡ. ವರ್ಷಕ್ಕೆ ನಲವತ್ತು ರವಿವಾರವಾದರೂ ಬರಲು ಆಗದವನು ಮೊದಲನೆಯ ರವಿವಾರವೂ ಬರುವುದು ಬೇಡ.

"ಹಾಗಾದರೆ ಸುವಾರ್ತೆ ಸಾರುವುದನ್ನು ಬಿಟ್ಟೆಯಾ?" ಎಂದು ನಮ್ಮ ಹಿರಿಯರೊಬ್ಬರು ನನ್ನನ್ನು ಕೇಳಿದರು. ಬಿಟ್ಟಿಲ್ಲ. ಕಳೆದುಹೋದ ಕುರಿಯ ಕಥೆಯನ್ನು ನಾನು ಪ್ರತಿ ವರ್ಷ ಹೇಳುತ್ತೇನೆ, ನಂಬಿಯೇ ಹೇಳುತ್ತೇನೆ. ಆದರೆ ಆ ಕಥೆಯ ಕುರುಬ ಬಿಸ್ಕೀಟು ತೋರಿಸಿ ಕುರಿಯನ್ನು ಕರೆಯಲಿಲ್ಲ. ಕಾಡಿಗೆ ಹೋಗಿ ಹುಡುಕಿದ.

ಇನ್ನು ಎದುರು ಪಕ್ಷದವರು. ನಿಮ್ಮ ಸಂಶಯಕ್ಕೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಮೇಲೆ ನಾನೇ ಅದನ್ನು ಬರೆದಿದ್ದೇನೆ. ಮತಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದ್ದು ನನಗೆ ಗೊತ್ತಿದೆ. ಆದರೆ ಸಂಶಯ ಒಂದು ಕೆಲಸವಾಗಲಾರದು. 2021ರ ಅಕ್ಟೋಬರ್ 17ರ ರವಿವಾರ ಭೈರಿದೇವರಕೊಪ್ಪದ ಪ್ರಾರ್ಥನಾಮಂದಿರದೊಳಗೆ ಜನ ನುಗ್ಗಿ, ಕೂತು, ಭಜನೆ ಮಾಡಿದರು. ಭಜನೆಯ ಮೇಲೆ ನನಗೆ ಯಾವ ಕೋಪವೂ ಇಲ್ಲ. ಉತ್ತರ ಕರ್ನಾಟಕದಲ್ಲಿ ಹುಟ್ಟಿ ಭಜನೆ ಕೇಳದೆ ಬೆಳೆದವನು ಯಾರು? ಆದರೆ ನಾನು ಹೋಗುವ ಓಣಿಗೆ ಅದೇ ಭಜನೆಯನ್ನು ಮಕ್ಕಳಿಗೆ ಕಲಿಸಲು ಆ ವರ್ಷವಾಗಲಿ ಅನಂತರವಾಗಲಿ ಯಾರೂ ಬಂದುದನ್ನು ಕಾಣೆ. ಬಂದಿದ್ದರೆ ನನ್ನ ಚಾಪೆಯ ಅರ್ಧ ಬಿಟ್ಟುಕೊಡುತ್ತಿದ್ದೆ. ಹಾಡು ಅವರದಾಗಲಿ, ಮಗ್ಗಿ ನನ್ನದಾಗಲಿ; ಇಬ್ಬರಲ್ಲಿ ಯಾರ ಬಳಿ ಕೂಡಬೇಕೆಂಬುದನ್ನು ಆ ತಾಯಿ ನೋಡಿಕೊಳ್ಳುತ್ತಾಳೆ. ಬಡವರಾದ ಮಾತ್ರಕ್ಕೆ ತಮ್ಮ ಮಕ್ಕಳನ್ನು ಒಂದು ಬಿಸ್ಕೀಟಿಗೆ ಮಾರಿಬಿಡುತ್ತಾರೆಂದು ಭಾವಿಸುವುದು ಅವರಿಗೆ ನಾವೆಲ್ಲರೂ ಕೂಡಿ ಮಾಡುವ ದೊಡ್ಡ ಅವಮಾನ. ಈ ಅವಮಾನದಲ್ಲಿ ಬಿಸ್ಕೀಟು ಹಂಚುವವನೂ, ಹಂಚುವವನನ್ನು ಬೈಯುವವನೂ ಸಮಪಾಲುದಾರರು.

ಯಾವ ಪಕ್ಷಕ್ಕೂ ಸೇರದೆ, ಚಹ ಕುಡಿಯುತ್ತ ಇದನ್ನು ಓದುತ್ತಿರುವ ವಿದ್ಯಾನಗರದ, ಸಪ್ತಾಪುರದ ಮಹನೀಯರೂ ಇದ್ದಾರೆ. "ಇಬ್ಬರದೂ ತಪ್ಪು" ಎಂದು ಹೇಳಿ ಹಾಳೆ ಮಗುಚುವುದು ಅವರಿಗೆ ಸುಲಭ. ಅವರ ಮನೆಯ ಪಾತ್ರೆ ತೊಳೆಯುವ ಹೆಣ್ಣುಮಗಳು ಯಾವ ಓಣಿಯಿಂದ ಬರುತ್ತಾಳೆ, ಅವಳ ಮಗ ಎಷ್ಟನೆಯ ಇಯತ್ತೆ, ಅವನಿಗೆ ತನ್ನ ಹೆಸರು ಬರೆಯಲು ಬರುತ್ತದೆಯೋ ಇಲ್ಲವೋ, ಇಷ್ಟನ್ನು ನಾಳೆ ಬೆಳಿಗ್ಗೆ ಅವಳನ್ನೇ ಕೇಳಿ ತಿಳಿದುಕೊಳ್ಳಲಿ.

ನಮ್ಮಲ್ಲಿ ಈಗ ಎರಡು ಮುರುಕು ಹಲಗೆಗಳಿವೆ, ಕಲಿಸುವವರು ಮೂವರು. ಲೆಕ್ಕ ಬಲ್ಲವರು ಬೇಕಾಗಿದ್ದಾರೆ. ಯಾವ ದೇವರನ್ನು ನಂಬುತ್ತಾರೆಂದು ನಾವು ಕೇಳುವುದಿಲ್ಲ. ಮೊದಲನೆಯ ದಿನವೇ ಯಾವುದಾದರೊಂದು ಹುಡುಗಿ ಅಂಗಿ ಹಿಡಿದೆಳೆದು ಒಂದು ಪ್ರಶ್ನೆ ಕೇಳುತ್ತಾಳೆ. ಆ ಪ್ರಶ್ನೆ ಯಾವುದೆಂಬುದು ಈ ಲೇಖನದ ತಲೆಯ ಮೇಲೆಯೇ ಇದೆ. ಉತ್ತರವನ್ನು ಸಿದ್ಧ ಮಾಡಿಕೊಂಡು ಬನ್ನಿರಿ.