ಪ್ರೊ. ರಾಜಾರಾಮನ್ ಅವರ ಹಾದಿಯೂ ನಾಲ್ಕು ತಾಲ್ಲೂಕುಗಳ ಲೆಕ್ಕವೂ

ಶ್ರೀರಂಗಪಟ್ಟಣದಲ್ಲಿ ಕಚೇರಿ, ಪಾಂಡವಪುರದಲ್ಲಿ ಗೋದಾಮು, ಕೃಷ್ಣರಾಜಪೇಟೆ ಹಾಗೂ ನಾಗಮಂಗಲಗಳಲ್ಲಿ ಮಳಿಗೆಗಳನ್ನು ಹೊಂದಿರುವ ಅಕ್ಕಿ ವರ್ತಕರೊಬ್ಬರನ್ನು ಊಹಿಸಿಕೊಳ್ಳಬಹುದು. ಸಂಪರ್ಕ ಕಡಿದ ಅರ್ಧ ಗಂಟೆಯಲ್ಲಿ ಗೋದಾಮಿನ ಅದೇ 50 ಮೂಟೆಗಳನ್ನು ಎರಡೂ ಮಳಿಗೆಗಳವರು ಬೇರೆ ಬೇರೆ ಗಿರಾಕಿಗಳಿಗೆ ಮಾರಿಬಿಟ್ಟರೆ ಯಾವ ಬಿಲ್ಲು ಮೊದಲಿನದು? ಎರಡು ಊರಿನ ಗಡಿಯಾರಗಳು ಒಂದೇ ಸಮಯ ತೋರಿಸುತ್ತವೆಂಬ ಖಾತರಿಯಿಲ್ಲ. ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ 1978ರ ಪ್ರಬಂಧದಲ್ಲಿ ಎತ್ತಿಕೊಂಡದ್ದು ಇದೇ ಜಾತಿಯ ಪ್ರಶ್ನೆಯನ್ನು. ಹಲವು ಗಣಕಗಳು ದೂರದೂರವಿದ್ದೂ ಒಂದೇ ಲೆಕ್ಕ ಕಾಯುವ ಈ ವಿದ್ಯೆಯು ವರ್ತಕರಿಗೆ ಪರಕೀಯವಾದುದಲ್ಲ.

ಕರ್ನಾಟಕದಲ್ಲಿ ಇಂತಹ ವಿದ್ಯೆಗೆ ನೆಲೆ ಒದಗಿಸಿದವರಲ್ಲಿ ಪ್ರೊ. ವಿ. ರಾಜಾರಾಮನ್ ಪ್ರಮುಖರು. 1933ರಲ್ಲಿ ಜನಿಸಿದ ಅವರು 2025ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. 1965ರಲ್ಲಿ ಕಾನ್ಪುರದ ಐಐಟಿಯಲ್ಲಿ ದೇಶದ ಮೊದಲ ಗಣಕ ವಿಜ್ಞಾನ ಶಿಕ್ಷಣ ಆರಂಭವಾದಾಗ ಅದರ ಮುಂಚೂಣಿಯಲ್ಲಿದ್ದರು. ಮೈಸೂರಿನ ಎನ್‌ಐಇಯಲ್ಲಿ ಪದವಿ ಪಡೆದು ಕಾನ್ಪುರಕ್ಕೆ ತೆರಳಿದ ನಾರಾಯಣಮೂರ್ತಿಯವರು ಅವರ ಶಿಷ್ಯರು. 1982ರಿಂದ 1994ರವರೆಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸೂಪರ್ ಕಂಪ್ಯೂಟರ್ ಕೇಂದ್ರವನ್ನು ಮುನ್ನಡೆಸಿದರು. ಎಲ್ಲ ಕೆಲಸವನ್ನೂ ಒಂದೇ ದೈತ್ಯ ಯಂತ್ರಕ್ಕೆ ಹೊರಿಸದೆ, ಲೆಕ್ಕಕ್ಕೊಂದು, ಚಿತ್ರಕ್ಕೊಂದು, ಕಡತಕ್ಕೊಂದು ಎಂದು ಕೆಲಸ ಹಂಚಿ ಯಂತ್ರಗಳನ್ನು ಜಾಲದಿಂದ ಬೆಸೆಯುವ ಮಾರ್ಗವನ್ನು ಆ ಕೇಂದ್ರವು ಹಿಡಿಯಿತು. 1998ರಲ್ಲಿ ಪದ್ಮಭೂಷಣ ಸಂದಿತು.

ಪ್ರಶಸ್ತಿಗಿಂತ ವರ್ತಕರು ಗಮನಿಸಬೇಕಾದ ಸಂಗತಿ ಬೇರೆಯಿದೆ. ಅವರ ಪಠ್ಯಪುಸ್ತಕಗಳು ವಿದ್ಯಾರ್ಥಿಯ ಕೈಗೆಟುಕುವ ಬೆಲೆಯಲ್ಲಿ ದೊರೆತವು. ಹತ್ತಾರು ಆವೃತ್ತಿಗಳಲ್ಲಿ ಸಣ್ಣ ಊರಿನ ಕಾಲೇಜುಗಳನ್ನೂ ತಲುಪಿದವು. (ಕಡಿಮೆ ಲಾಭ, ಹೆಚ್ಚು ವಹಿವಾಟು ಎಂಬ ಸೂತ್ರವನ್ನು ಮಂಡಿ ವರ್ತಕರಿಗೆ ಯಾರೂ ಹೇಳಿಕೊಡಬೇಕಿಲ್ಲ.) ಇಂಜಿನಿಯರಿಂಗ್ ಓದದವರಿಗೂ ಗಣಕ ವೃತ್ತಿಯ ಬಾಗಿಲು ತೆರೆದ ಎಂಸಿಎ ಪದವಿಯ ರೂಪರೇಷೆಯೂ ಅವರ ಅಧ್ಯಕ್ಷತೆಯ ಸಮಿತಿಯದೇ.

ಇಂದು ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ನೋಡಿದರೆ, ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜು ಇದೆ. ಆದರೂ ವರ್ತಕರು ಬಿಲ್ಲಿಂಗ್ ತಂತ್ರಾಂಶಕ್ಕಾಗಿ ಬೆಂಗಳೂರನ್ನೇ ನೋಡುತ್ತಾರೆ, ಕಲಿತ ಮಕ್ಕಳೂ ಅತ್ತಲೇ ಹೋಗುತ್ತಾರೆ. 2018ರಲ್ಲಿ ಇ-ವೇ ಬಿಲ್ ಬಂದಿತು. 2023ರ ಆಗಸ್ಟ್ 1ರಿಂದ 5 ಕೋಟಿ ರೂ. ಮೀರಿದ ವಹಿವಾಟಿನವರಿಗೆ ವರ್ತಕ-ವರ್ತಕರ ನಡುವಣ ಮಾರಾಟದಲ್ಲಿ ಇ-ಇನ್‌ವಾಯ್ಸ್ ಕಡ್ಡಾಯವಾಯಿತು. ಸಂಪರ್ಕ ಕಡಿದರೆ ಲಾರಿ ಹೊರಡಲಾರದು. ಬಾಡಿಗೆ, ಹಮಾಲಿ ಮಾತ್ರ ಓಡುತ್ತಲೇ ಇರುತ್ತವೆ.

ಕಾಲೇಜಿನ ಉಸಾಬರಿ ವರ್ತಕರಿಗೇಕೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲದಿಲ್ಲ, ಸರ್ಕಾರಿ ಕಾಲೇಜಿನ ಬೋಧಕರ ಸಂಬಳ ಸರ್ಕಾರದ ಹೊಣೆಯೇ ಸರಿ. ಆದರೆ ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಸಮಸ್ಯೆ ಒದಗಿಸುವುದು ವರ್ತಕರಿಂದಲೇ ಸಾಧ್ಯ. ಗಿರಾಕಿಗಳ ಹೆಸರು ತೆಗೆದ ಒಂದು ವರ್ಷದ ದಾಸ್ತಾನು ಪುಸ್ತಕ, ಎರಡು ಹಳೆಯ ಗಣಕ, ವಾರಕ್ಕೊಮ್ಮೆ ಗೋದಾಮಿಗೆ ಪ್ರವೇಶ ಇಷ್ಟನ್ನು ನಾಲ್ಕೂ ತಾಲ್ಲೂಕುಗಳಿಂದ ಒಬ್ಬೊಬ್ಬ ಸದಸ್ಯರು ಒದಗಿಸಿದರೆ, ಬರುವ ಶೈಕ್ಷಣಿಕ ವರ್ಷದಲ್ಲಿಯೇ ಎರಡೂ ಕಾಲೇಜುಗಳಲ್ಲಿ ಕೆಲಸ ಆರಂಭಿಸಬಹುದು.