ಏರಿ ಒಡೆಯುವ ಮುನ್ನ



2025ರ ಸೆಪ್ಟೆಂಬರ್ 7ರ ರಾತ್ರಿ ನಮ್ಮ ಮದ್ದೂರಿನಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ವೇಳೆ ಕಲ್ಲು ತೂರಾಟವಾಯಿತು. ಮರುದಿನ ಪ್ರತಿಭಟನೆ, ಲಾಠಿ ಪ್ರಹಾರ, 9ರಂದು ಬಂದ್. ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಜನ ಹೀಗೇಕಾದರು? ತಪ್ಪಿತಸ್ಥರು ಯಾರೆಂದು ನ್ಯಾಯಾಲಯ ಹೇಳಲಿ. ಹೇಗಾಯಿತೆಂದು ಕೇಳಿಕೊಳ್ಳುವುದು ನಮ್ಮ ಕೆಲಸ.

ಸರ್ಕಾರಿ ಎಂಜಿನಿಯರಾಗಿದ್ದ ನನಗೆ ಕೆರೆ ಏರಿಯ ನೆನಪಾಗುತ್ತದೆ. ಮಣ್ಣಿನ ಏರಿ ಹಠಾತ್ತನೆ ಒಡೆದಂತೆ ಕಾಣುತ್ತದೆ. ಆದರೆ ಎಷ್ಟೋ ಸಲ ನೀರು ಮೊದಲೇ ಒಳಗೊಳಗೆ ಜಿನುಗಿ ದಾರಿ ಮಾಡಿಕೊಂಡಿರುತ್ತದೆ. ಜಿನುಗು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಬಗ್ಗಡವಾದರೆ ಏರಿಯ ಮಣ್ಣೇ ಕೊಚ್ಚಿಬರುತ್ತಿದೆ ಎಂದರ್ಥ.

ಊರಿನ ಬಗ್ಗಡವೆಂದರೆ ಗಾಳಿಸುದ್ದಿ, ಮೊಬೈಲಿನಲ್ಲಿ ಹರಿದಾಡುವ ಅರ್ಧ ಸತ್ಯ, ‘ಅವರೆಲ್ಲ ಹಾಗೇ’ ಎಂಬ ಮಾತು. ಮನುಷ್ಯನೇನೂ ನೀರಿನ ಹನಿಯಲ್ಲ. ಕಲ್ಲೆತ್ತಿದವನು ಉತ್ತರ ಕೊಡಲೇಬೇಕು. ಆದರೆ ಅವನನ್ನು ಹಿಡಿದ ಮಾತ್ರಕ್ಕೆ ಏರಿ ಗಟ್ಟಿಯಾಗದು.

ಏರಿ ಕಾಯಲು ನೀರುಗಂಟಿ ಇರುತ್ತಿದ್ದ. ಊರು ಕಾಯುವವರೂ ಬೇಕು. ಮುಂದಿನ ಹಬ್ಬಕ್ಕೆ ಮುನ್ನ ಹಿಂದೂ ಮುಸ್ಲಿಂ ಹಿರಿಯರು ಮೆರವಣಿಗೆಯ ದಾರಿಯಲ್ಲಿ ಜೊತೆಯಾಗಿ ನಡೆದು ನೋಡಲಿ. ಸುದ್ದಿ ಹಬ್ಬಿದಾಗ ‘ಇದು ನಿಜವೇ ಅಣ್ಣ?’ ಎಂದು ಪರಸ್ಪರ ಫೋನ್ ಮಾಡುವಷ್ಟು ಬಳಕೆಯಿರಲಿ. ಆ ಹಿರಿಯರು ಕೂಡಲು ನಮ್ಮ ಮಠಗಳ ಅಂಗಳ ತೆರೆದಿರಲಿ.